ರೆಂಬ್ರಾಂಟನ ಆದಾಮ–ಹವ್ವ ಯಾಕೆ ಅಷ್ಟು ಕುರೂಪ?

ಡಚ್ ಕಲಾವಿದ ರೆಂಬ್ರಾಂಟನ 1638ರ ‘ಆದಾಮ–ಹವ್ವ’ ಎಚ್ಚಿಂಗ್ (ತಾಮ್ರದ ತಗಡನ್ನು ಆಸಿಡ್‌ನಿಂದ ಕೊರೆದು ಅಚ್ಚೊತ್ತಿದ ಚಿತ್ರ) ನೋಡಿದವರೆಲ್ಲ ಕೇಳುವುದು ಇದನ್ನೇ: ಬೈಬಲ್ಲಿನ ಮೊದಲ ಗಂಡು–ಹೆಣ್ಣಿಗೆ ಈ ಜೋತುಬಿದ್ದ ಮೈ ಯಾಕೆ? ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲವೇ?

ಬರುತ್ತಿತ್ತು. ಸಾಕ್ಷಿ ಆ ಚಿತ್ರದಲ್ಲೇ ಇದೆ. ಮರಕ್ಕೆ ಆತುಕೊಂಡ ಸೈತಾನ ಹಾವಲ್ಲ, ಕಾಲು–ರೆಕ್ಕೆಯುಳ್ಳ ಘಟಸರ್ಪ. ಬೈಬಲ್ಲಿನಲ್ಲಿ ಹವ್ವಳಿಗೆ ಬೇಡವೆಂದ ಹಣ್ಣಿನ ಆಸೆ ಹುಟ್ಟಿಸಿದ ಹಾವಿಗೆ ‘ಹೊಟ್ಟೆಯಿಂದ ಹರಿ’ ಎಂಬ ದೇವರ ಶಾಪ ಬಿದ್ದದ್ದು ಅವರು ಹಣ್ಣು ತಿಂದ ಮೇಲೆ. ಅಂದಮೇಲೆ ಅದಕ್ಕೆ ಮುಂಚೆ ಕಾಲಿರಲೇಬೇಕಲ್ಲ! ಈ ಪ್ರಾಣಿಯ ಮೂಲ ಜರ್ಮನ್ ಕಲಾವಿದ ಡ್ಯೂರರ್‌ನ 1512ರ ಅಚ್ಚುಚಿತ್ರವೊಂದರಲ್ಲಿದೆ. ಅದೇ ಡ್ಯೂರರ್ 1504ರಲ್ಲಿ ಅಳತೆ–ಪ್ರಮಾಣ ಲೆಕ್ಕಹಾಕಿ ಕೊರೆದ ಸುಂದರ ಆದಾಮ–ಹವ್ವ ಯೂರೋಪಿಗೆಲ್ಲ ಮಾದರಿ. ರೆಂಬ್ರಾಂಟ್ ಡ್ಯೂರರ್‌ನಿಂದ ಘಟಸರ್ಪವನ್ನು ತೆಗೆದುಕೊಂಡ, ಆದಾಮನನ್ನು ಬಿಟ್ಟ. ಬೇಕೆಂದೇ ಬಿಟ್ಟ ಅನ್ನುವುದು ನನ್ನ ಅಭಿಪ್ರಾಯ.

ಉಪಕರಣವೂ ಅದಕ್ಕೆ ಒದಗಿಬಂತು. ಡ್ಯೂರರ್ ಬಳಸಿದ ಬ್ಯೂರಿನ್ ಎಂಬ ಉಳಿಯನ್ನು ತಾಮ್ರದೊಳಗೆ ಒತ್ತಿ ನೂಕಬೇಕು. ಗೀಟು ಉಬ್ಬಿ, ತುದಿಯಲ್ಲಿ ಚೂಪಾಗುತ್ತದೆ. ಎಚ್ಚಿಂಗ್‌ನಲ್ಲಿ ತಗಡಿಗೆ ಜೇನುಮೇಣ, ರಾಳ, ಡಾಂಬರು ಸೇರಿಸಿದ ತೆಳು ಲೇಪ ಹಚ್ಚಿ, ಸೂಜಿಯಿಂದ ಅದನ್ನಷ್ಟೇ ಗೀರಿದರೆ ಸಾಕು. ಕೊರೆಯುವುದು ಆಸಿಡ್. ಹಾಗಾಗಿ ಕೈ ಪೆನ್ನಿನಂತೆ ಓಡುತ್ತದೆ, ಸುಕ್ಕು–ಬೊಜ್ಜು ಸಲೀಸು. ಆದರೆ ಆಸಿಡ್ ಆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಿನ್ನುತ್ತದೆ. ನೆರಳಿಗೆಂದು ಗೀಟುಗಳನ್ನು ತೀರಾ ಒತ್ತಾಗಿ ಹೆಣೆದರೆ ನಡುವಿನ ತಾಮ್ರ ಕುಸಿದು ಅಗಲ ಗುಂಡಿಯಾಗುತ್ತದೆ. ಅಚ್ಚೊತ್ತುವ ಮುಂಚೆ ತಗಡಿನ ಮೇಲಿನ ಹೆಚ್ಚುವರಿ ಮಸಿ ಒರೆಸುವಾಗ ಗುಂಡಿಯ ಮಸಿಯೂ ಬಟ್ಟೆಗೆ ಬಂದು, ಕಪ್ಪಿರಬೇಕಾದಲ್ಲಿ ಮಂಕು ಬೂದು ಕಲೆ. ಕೇವಲ 16.2 × 11.6 ಸೆಂ.ಮೀ. ಚಿತ್ರದಲ್ಲಿ ಆದಾಮನ ಮೈಮೇಲಿನ ನೆರಳನ್ನು ಭೂತಗನ್ನಡಿ ಹಿಡಿದು ನೋಡಿ, ಗೀಟುಗಳ ನಡುವೆ ಬೆಳಕು ಆಡುತ್ತದೆ.

ಈ ಮೈಗಳು ಆಗಿನವರಿಗೂ ರುಚಿಸಲಿಲ್ಲ. ರೆಂಬ್ರಾಂಟ್ ಬೆತ್ತಲೆ ಹೆಣ್ಣೆಂದರೆ ಗ್ರೀಕ್ ವೀನಸ್ ಬಿಟ್ಟು ಬಟ್ಟೆ ಒಗೆಯುವವಳನ್ನು ಆರಿಸುತ್ತಾನೆ ಎಂದು ಡಚ್ ಕವಿ ಆಂಡ್ರಿಯೆಸ್ ಪೆಲ್ಸ್ 1681ರಲ್ಲಿ ಪದ್ಯದಲ್ಲೇ ಬೈದ. ಬೈಗುಳ ಹೌದು, ವಿವರಣೆಯೂ ಹೌದು: ಅವನು ಬರೆದದ್ದು ಕಣ್ಣೆದುರಿನ ಮೈಯನ್ನು.

ಹಿನ್ನೆಲೆಯ ಪುಟ್ಟ ಆನೆಗೂ ಇದೇ ಮಾತು ಸಲ್ಲುತ್ತದೆ. ಸಿಂಹಳದಿಂದ ಬಂದ ಹನ್ಸ್‌ಕೆನ್ ಎಂಬ ಹೆಣ್ಣಾನೆ ಆಗ ಯೂರೋಪಿನಲ್ಲಿ ಊರೂರು ಸುತ್ತುತ್ತಿತ್ತು. 1637ರಲ್ಲಿ ರೆಂಬ್ರಾಂಟ್ ಕಪ್ಪು ಬಳಪದಲ್ಲಿ ಆನೆಯ ಚಿತ್ರ ಬರೆದಿದ್ದ. ಮರುವರ್ಷ ಆನೆ ಆದಾಮ–ಹವ್ವರಿದ್ದ ಏದೆನ್ ತೋಟದಲ್ಲಿ, ಕೆಲವೇ ಹಗುರ ಗೀಟುಗಳಲ್ಲಿ, ಬಿಸಿಲಿಗೆ ನಿಂತಿದೆ. ಹನ್ಸ್‌ಕೆನ್ 1655ರಲ್ಲಿ ಫ್ಲಾರೆನ್ಸಿನಲ್ಲಿ ಸತ್ತಳು; ಅವಳ ಅಸ್ಥಿಪಂಜರ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇಂದಿಗೂ ಇದೆ.