ಓಲ್ಡ್ ನಂಬರ್ ಒನ್: ಮೂರು ಬಣ್ಣದ ಚಾಸಿ ಎಲ್ಲಿಯವರೆಗೆ ಬಂತು

ಚಾಸಿ, ಅಂದರೆ ಕಾರಿನ ತಳದ ಚೌಕಟ್ಟು, ಒಂದು ರೂಪಕ್ಕೆ ಬಂದಿದೆ. ಉದ್ದದ ಎರಡು ಪಟ್ಟಿ, ಅಡ್ಡ ಪಟ್ಟಿಗಳು ಎಲ್ಲ ಕೂತಿವೆ. ಮೂಲೆಮಟ್ಟ ಇಟ್ಟು ನೋಡಿದರೆ ಎಲ್ಲೂ ಸೊಟ್ಟ ಇಲ್ಲ. ಪ್ರೈಮರ್ ಹೊಡೆದು ಒಣಗಲು ಬಿಟ್ಟಿದ್ದೇನೆ. ಇನ್ನು ಬಣ್ಣ ಬಳಿಯಬೇಕು. ಈ ಮಾಡೆಲ್‌ನ ಕಥೆಯೆಲ್ಲ ಇರುವುದು ಬಣ್ಣದಲ್ಲೇ. ಹಾಗಾಗಿ ಬ್ರಷ್ ಹಿಡಿಯುವ ಮೊದಲು ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮಾಡುತ್ತಿರುವುದು ಹನ್ನೆರಡನೇ ಒಂದರ ಅಳತೆಯ ಬೆಂಟ್ಲಿ ಸ್ಪೀಡ್ ಸಿಕ್ಸ್. ಬೆಂಟ್ಲಿ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: "ಮುಂದೆ ದೊಡ್ಡ ಸೂಪರ್‌ಚಾರ್ಜರ್ ಇರುತ್ತಲ್ಲ, ಆ ಬ್ಲೋವರ್ ಕಾರಾ?" ಅಲ್ಲ. ಅದರ ಕಿಟ್ ಅಂಗಡಿಯಲ್ಲಿ ಸಿಗುತ್ತದೆ, ನೋಡಲು ಚೆಂದವೂ ಇದೆ. ಆದರೆ ಬ್ಲೋವರ್ ಒಮ್ಮೆಯೂ ಫ್ರಾನ್ಸಿನ ಇಪ್ಪತ್ನಾಲ್ಕು ಗಂಟೆಯ ಲೆ ಮಾನ್ ರೇಸು ಗೆದ್ದಿಲ್ಲ. ಕಂಪನಿ ಕಟ್ಟಿದ ಡಬ್ಲ್ಯೂ. ಒ. ಬೆಂಟ್ಲಿಗೇ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಇಷ್ಟ ಇರಲಿಲ್ಲ. ಹೆಚ್ಚು ಶಕ್ತಿ ಬೇಕಾ, ಎಂಜಿನ್ ದೊಡ್ಡದು ಮಾಡಿ ಅನ್ನುವ ಮನುಷ್ಯ ಆತ. ಹಾಗೆ ದೊಡ್ಡದು ಮಾಡಿದ್ದೇ ಆರು ಸಿಲಿಂಡರಿನ, 6,597 ಸಿಸಿಯ ಸ್ಪೀಡ್ ಸಿಕ್ಸ್. ಗೆದ್ದದ್ದು ಅದು. ಅದರಲ್ಲೂ ಒಂದೇ ಒಂದು ಕಾರು 1929 ಮತ್ತು 1930, ಎರಡೂ ವರ್ಷ ಲೆ ಮಾನ್ ಗೆದ್ದಿತು. ಅದಕ್ಕೆ ಮುಂಚೆ ಯಾವ ಕಾರೂ ಹಾಗೆ ಎರಡು ಸಲ ಗೆದ್ದಿರಲಿಲ್ಲ. ಮೊದಲ ಸಲ ಬಾನೆಟ್ಟಿನ ಪಕ್ಕದಲ್ಲಿ 1 ಅಂತ ಬರೆದಿತ್ತು, ಅಲ್ಲಿಂದಲೇ ಓಲ್ಡ್ ನಂಬರ್ ಒನ್ ಅನ್ನುವ ಹೆಸರು ಬಂತು. ಎರಡನೇ ವರ್ಷ ಅದರ ನಂಬರ್ 4 ಆಗಿತ್ತು, ಆದರೂ ಹಳೇ ಹೆಸರೇ ಉಳಿಯಿತು.

ಈ ಮಾಡೆಲ್‌ಗೆ ಬಾಡಿ ಹಾಕುವುದಿಲ್ಲ. ಬರೀ ಚಾಸಿ, ಅದಕ್ಕೆ ಕೂತ ಭಾಗಗಳು, ಅಷ್ಟೇ. ಇಂದು ಓಲ್ಡ್ ನಂಬರ್ ಒನ್ ಅಂತ ಕರೆಯುವ ಕಾರಿನಲ್ಲಿ ಯಾವ ಭಾಗ ಯಾವ ಕಾಲದ್ದೋ ಆ ಕಾಲದ ಬಣ್ಣ ಬಳಿಯುತ್ತೇನೆ. 1930ರದ್ದಕ್ಕೆ ಕಡು ಹಸಿರು, 1932ರದ್ದಕ್ಕೆ ಇಟ್ಟಿಗೆ ಕೆಂಪು, ಆಮೇಲಿನದ್ದಕ್ಕೆಲ್ಲ ಬೂದು.

ನೀವು ಕೇಳಬಹುದು, 1929 ಎಲ್ಲಿ ಹೋಯಿತು ಅಂತ. ಅಲ್ಲಿಗೇ ಬರುತ್ತೇನೆ.

ಮೊದಲು ರೇಸು. 1929ರ ಜೂನ್‌ನಲ್ಲಿ ಲೆ ಮಾನ್‌ನಲ್ಲಿ ಈ ಕಾರು ಓಡಿಸಿದವರು ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬಿರ್ಕಿನ್. ಇಪ್ಪತ್ನಾಲ್ಕು ಗಂಟೆಯಲ್ಲಿ 2,843 ಕಿಲೋಮೀಟರ್. ಮೊದಲ ನಾಲ್ಕೂ ಸ್ಥಾನ ಬೆಂಟ್ಲಿಗೇ ಬಂದವು. ಬಾರ್ನಾಟೊ ಸುಮ್ನೆ ಡ್ರೈವರ್ ಅಲ್ಲ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಯ ದುಡ್ಡಿನಲ್ಲಿ ಹುಟ್ಟಿದವನು. 1926ರಲ್ಲಿ ಮುಳುಗುತ್ತಿದ್ದ ಬೆಂಟ್ಲಿ ಕಂಪನಿಗೆ ಹಣ ಸುರಿದು ಚೇರ್ಮನ್ ಆದವನು. ಲೆ ಮಾನ್‌ಗೆ ಮೂರು ಸಲ ಹೋದ, ಮೂರು ಸಲವೂ ಗೆದ್ದ. ದುಡ್ಡು ಹಾಕಿದವನು ತಾನೇ ಸ್ಟಿಯರಿಂಗ್ ಹಿಡಿಯುತ್ತೇನೆ ಅಂದರೆ ಟೀಮಿಗೆ ತಲೆನೋವು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಟೀಮಿನ ನಂಬಿಕಸ್ಥ ಡ್ರೈವರ್ ಅವನೇ. ಅದೇ 1929ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಆರು ಗಂಟೆಯ ರೇಸನ್ನೂ ಇದೇ ಕಾರಿನಲ್ಲಿ ಜಾಕ್ ಡನ್‌ಫೀ ಜೊತೆ ಸೇರಿ ಗೆದ್ದ.

1930ರ ಲೆ ಮಾನ್ ಹೆಚ್ಚು ರೋಚಕ. ಎದುರಿಗೆ ರುಡಾಲ್ಫ್ ಕರಾಚಿಯೋಲಾನ ಸೂಪರ್‌ಚಾರ್ಜ್ ಮಾಡಿದ ಬಿಳಿ ಮರ್ಸಿಡಿಸ್. ಒಂಟಿ ಕಾರು, ಆದರೆ ರಾತ್ರಿವರೆಗೂ ಬೆಂಟ್ಲಿಗಳನ್ನು ಆಡಿಸಿತು. ರಾತ್ರಿ ಅದು ಕೈಕೊಟ್ಟಿತು, ರೇಸಿನಿಂದ ಹೊರಬಿತ್ತು. ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ 2,930 ಕಿಲೋಮೀಟರ್ ಓಡಿಸಿ ಗೆದ್ದರು, ಎರಡನೆಯದೂ ಸ್ಪೀಡ್ ಸಿಕ್ಸೇ. ಆ ಗೆಲುವಿನ ಬೆನ್ನಿಗೇ ಕಂಪನಿ ರೇಸಿನಿಂದ ಹಿಂದೆ ಸರಿಯಿತು. ಮರುವರ್ಷ ಕಂಪನಿಯೇ ದಿವಾಳಿಯಾಗಿ ರೋಲ್ಸ್ ರಾಯ್ಸ್ ಪಾಲಾಯಿತು.

ಕಂಪನಿ ನಿಂತರೂ ಕಾರು ನಿಲ್ಲಲಿಲ್ಲ. 1931ರಲ್ಲಿ ಬ್ರೂಕ್‌ಲ್ಯಾಂಡ್ಸ್ 500 ಮೈಲಿ ರೇಸನ್ನು ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಗಂಟೆಗೆ ಸರಾಸರಿ 118.39 ಮೈಲಿ ವೇಗದಲ್ಲಿ ಗೆದ್ದರು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 190 ಕಿಲೋಮೀಟರ್. ಬ್ರೂಕ್‌ಲ್ಯಾಂಡ್ಸ್ ಅಂದರೆ 1907ರಲ್ಲಿ ಸರ್ರೆಯಲ್ಲಿ ಕಟ್ಟಿದ ಕಾಂಕ್ರೀಟ್ ಟ್ರ್ಯಾಕು. ತಿರುವುಗಳಲ್ಲಿ ರಸ್ತೆಯೇ ಗೋಡೆಯ ಹಾಗೆ ಮೇಲೆದ್ದಿರುತ್ತದೆ. ಕಾಂಕ್ರೀಟ್ ಅಲ್ಲಲ್ಲಿ ಕುಸಿದು ಉಬ್ಬುತಗ್ಗು ಬೇರೆ. ಎರಡು ಟನ್ನಿಗೂ ಹತ್ತಿರ ತೂಗುವ ಕಾರು, ಆ ವೇಗದಲ್ಲಿ, ಆ ನೆಲದ ಮೇಲೆ. ಚಾಸಿ, ಸ್ಪ್ರಿಂಗ್, ಆ್ಯಕ್ಸಲ್ ತಿಂದ ಏಟು ಎಷ್ಟಿರಬೇಕು! ರೇಸ್ ಕಾರಿನಲ್ಲಿ ಭಾಗ ಬದಲಾಗುವುದು ಯಾರದೋ ಮೋಸದಿಂದ ಅಲ್ಲ, ಈ ಏಟಿನಿಂದ. ಈ ಮಾತು ಮುಂದೆ ಬೇಕಾಗುತ್ತದೆ.

1932ರ ಹೊತ್ತಿಗೆ ಕಾರಿನಲ್ಲಿದ್ದದ್ದು ಬೆಂಟ್ಲಿ 4 ಲೀಟರ್ ಮಾದರಿಯ ಚಾಸಿ, 8 ಲೀಟರ್ ಮಾದರಿಯ ಎಂಜಿನ್. ಆ ವರ್ಷದ ಸೆಪ್ಟೆಂಬರ್ 24ರಂದು ಅದೇ 500 ಮೈಲಿ ರೇಸು. ಜಾಕ್‌ನ ತಮ್ಮ ಕ್ಲೈವ್ ಡನ್‌ಫೀ ಓಡಿಸುತ್ತಿದ್ದ. ಮೆಂಬರ್ಸ್ ಬ್ಯಾಂಕಿಂಗ್ ಅನ್ನುವ ಆ ಎತ್ತರದ ತಿರುವಿನಲ್ಲಿ ಕಾರು ಅಂಚು ದಾಟಿ ಆಚೆಗೆ ಹಾರಿತು. ಕ್ಲೈವ್ ಅಲ್ಲೇ ಸತ್ತ.

ಅಲ್ಲಿಗೆ ಕಾರಿನ ಕಥೆ ಮುಗಿಯಬಹುದಿತ್ತು. ಬಾರ್ನಾಟೊ ಮುಗಿಸಲಿಲ್ಲ. ಅದನ್ನು ಮತ್ತೆ ಕಟ್ಟಿಸಿ, ರಸ್ತೆಯ ಮೇಲೆ ಓಡಿಸುವ, ಚಾವಣಿ ಮುಚ್ಚಿದ ಕೂಪೆ ಮಾಡಿಸಿದ. ಆಮೇಲೆ ಕಾರು ಕೈಯಿಂದ ಕೈಗೆ ಹೋಯಿತು. ಕಾಲ ಕಳೆದ ಮೇಲೆ ಕೂಪೆ ಹೋಗಿ ರೇಸಿನ ದಿನಗಳಂಥ ತೆರೆದ ಬಾಡಿ ಬಂತು.

1990ರಲ್ಲಿ ಈ ಕಾರು ಲಂಡನ್ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಮಾಲೀಕರು ಒಂದು ಕಂಪನಿಗೆ ಕಾರು ಮಾರಲು ಒಪ್ಪಿದ್ದರು. ಒಪ್ಪಂದದ ಮೌಲ್ಯ 1 ಕೋಟಿ ಪೌಂಡ್. ಆಮೇಲೆ ಕೊಳ್ಳುವವರು ಇದು ಆ ಕಾರೇ ಅಲ್ಲ ಅಂತ ಹಿಂದೆ ಸರಿದರು, ಮಾಲೀಕರು ಕೇಸು ಹಾಕಿದರು. ಹೀಗೆ ಒಂದು ಕಾರಿನ ಭಾಗಗಳನ್ನು ಒಂದೊಂದಾಗಿ ಕೋರ್ಟಿನಲ್ಲಿ ಎಣಿಸುವ ಹಾಗಾಯಿತು. ನನ್ನ ಮಾಡೆಲ್‌ಗೆ ಆಧಾರ ಆ ಎಣಿಕೆಯೇ.

ಪರಿಣತರ ಸಾಕ್ಷ್ಯ ಹೀಗಿತ್ತು. 1929ರ ಕಾರಿನದ್ದು ಏನೂ ಉಳಿದಿಲ್ಲ, ಯಾವ ಕಾಲದ್ದು ಅಂತ ಹೇಳಲಾಗದ ಕೆಲವು ಚಿಲ್ಲರೆ ಫಿಟ್ಟಿಂಗ್ ಬಿಟ್ಟರೆ. 1930ರ ಕಾರಿನದ್ದು ಮೂರೇ ಮೂರು: ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟಿಯರಿಂಗ್ ಕಾಲಂ. 1932ರ ಅಪಘಾತದ ಕಾರಿನದ್ದು ಜಾಸ್ತಿ ಇದೆ. ಚಾಸಿ ಫ್ರೇಮು, ಸ್ಪ್ರಿಂಗು ಮತ್ತು ಅವುಗಳನ್ನು ಚಾಸಿಗೆ ಸೇರಿಸುವ ಕೊಂಡಿ ಅಂದರೆ ಶ್ಯಾಕಲ್, ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್ಲಿನ ಬ್ಯಾಂಜೋ (ನಡುವಿನ ದುಂಡು ಕವಚ), ಹಿಂದಿನ ಬ್ರೇಕು, 8 ಲೀಟರಿನ ಸ್ಟಿಯರಿಂಗ್ ಬಾಕ್ಸು, ಹೀಗೆ.

ಆದರೂ ಜಡ್ಜ್ ಆಟನ್ ತೀರ್ಪು ಕೊಟ್ಟದ್ದು ಮಾಲೀಕರ ಪರ. ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೆ ಇದು ಇಲ್ಲ ಅನ್ನುವುದನ್ನು ಅವರು ಒಪ್ಪಿಕೊಂಡರು. ಆದರೆ ಕಾರು ಯಾವತ್ತೂ ಇಲ್ಲವಾಗಿ ಹೋಗಿರಲಿಲ್ಲ. ಒಂದು ಭಾಗ ಹೋದಾಗ ಉಳಿದದ್ದು ಇತ್ತು, ಅದಕ್ಕೇ ಹೊಸದು ಸೇರಿತು. ಆ ಹೆಸರಿಗೆ ಹಕ್ಕು ಹೇಳಬಲ್ಲ ಇನ್ನೊಂದು ಕಾರು ಎಲ್ಲೂ ಇಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ನಮ್ಮೂರ ತೇರಿಗೆ ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಯಾರೂ ಅದನ್ನು ಬೇರೆ ತೇರು ಅನ್ನಲಿಲ್ಲ. ಹಾಗಂತ ಕೊಳ್ಳುವವರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಅಷ್ಟು ದುಡ್ಡು ಕೊಟ್ಟು ಲೆ ಮಾನ್ ಗೆದ್ದ ಕಾರು ತಗೊಂಡೆ ಅಂದವನಿಗೆ, ಗೆದ್ದ ದಿನ ಇದ್ದದ್ದು ಒಂದು ಪೆಡಲ್ ಶಾಫ್ಟು, ಒಂದು ಡಬ್ಬ, ಒಂದು ಕೊಳವೆ ಅಂತ ತಿಳಿದರೆ ಹೊಟ್ಟೆ ಉರಿಯದೇ ಇರುತ್ತದಾ? ತೀರ್ಪು ಓದಿದರೆ ಒಂದು ಪಕ್ಷ ಸರಿ ಅನ್ನಿಸುತ್ತದೆ, ಭಾಗಗಳ ಪಟ್ಟಿ ಓದಿದರೆ ಇನ್ನೊಂದು ಪಕ್ಷ. ಎರಡೂ ಒಟ್ಟಿಗೆ ಕಣ್ಣಿಗೆ ಬೀಳಲಿ ಅಂತಲೇ ಈ ಮೂರು ಬಣ್ಣ.

ಈಗ ಮೇಜಿನ ಮೇಲಿನ ಕೆಲಸಕ್ಕೆ ಬರೋಣ.

ಲೀಫ್ ಸ್ಪ್ರಿಂಗ್ ನಾಲ್ಕೂ ಆಗಿವೆ. ತೆಳು ಹಿತ್ತಾಳೆ ಪಟ್ಟಿಯನ್ನು ಒಂದಕ್ಕಿಂತ ಒಂದು ಗಿಡ್ಡ ಬರುವ ಹಾಗೆ ಕತ್ತರಿಸಿದೆ. ತುದಿಗಳನ್ನು ಅರ ಹಾಕಿ ದುಂಡಗೆ ಮಾಡಿದೆ. ಹಿತ್ತಾಳೆ ತಂದ ಹಾಗೇ ಬಗ್ಗಿಸಿದರೆ ವಾಪಸ್ ನೆಟ್ಟಗಾಗುತ್ತದೆ. ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಾಗುವವರೆಗೆ ಕಾಯಿಸಿ, ತಣ್ಣಗಾದ ಮೇಲೆ ಬಾಟಲಿಗೆ ಒತ್ತಿ ಬಗ್ಗಿಸಿದರೆ ಹೇಳಿದ ಮಾತು ಕೇಳುತ್ತದೆ. ಮೇಲಿನ ಪಟ್ಟಿಯ ಎರಡೂ ತುದಿಯನ್ನು ಗುಂಡುಸೂಜಿಗೆ ಸುತ್ತಿ ಕಣ್ಣು ಮಾಡಿದೆ, ಅದರೊಳಗೆ ಶ್ಯಾಕಲ್ಲಿನ ಪಿನ್ನು ಹೋಗುತ್ತದೆ. ಪಟ್ಟಿಗಳನ್ನು ಬೆಸುಗೆ ಹಾಕಿಲ್ಲ, ನಡುವೆ ಸಣ್ಣ ತಂತಿಯಿಂದ ಕಟ್ಟಿದ್ದೇನೆ ಅಷ್ಟೇ. ಬೆರಳಲ್ಲಿ ಒತ್ತಿದರೆ ಪಟ್ಟಿ ಮೇಲೆ ಪಟ್ಟಿ ಜಾರುತ್ತದೆ. ಕೆಂಪು ಬಣ್ಣ ಹೊಡೆದ ಮೇಲೆ ಹಾಗೆ ಜಾರಲಿಕ್ಕಿಲ್ಲ, ಆದ್ದರಿಂದ ಪ್ರತಿ ಪಟ್ಟಿಗೂ ಬಿಡಿಬಿಡಿಯಾಗಿ ಬಣ್ಣ ಹೊಡೆದು ಆಮೇಲೆ ಕಟ್ಟುವುದು ಅಂತ ತೀರ್ಮಾನ.

ಗೇರ್‌ಬಾಕ್ಸಿನ ಕವಚಕ್ಕೆ ಪ್ಲಾಸ್ಟಿಕ್ ಶೀಟಿನ ಪದರಗಳನ್ನು ಅಂಟಿಸಿ ಕೆತ್ತುತ್ತಿದ್ದೇನೆ. ಈ ಬೆಂಟ್ಲಿಗಳಲ್ಲಿ ಗೇರ್‌ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡಿಲ್ಲ. ಚಾಸಿಯಲ್ಲಿ ತನ್ನ ಪಾಡಿಗೆ ಕೂತಿರುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟು. ಅಂದರೆ ಎಂಜಿನ್ ಇಳಿಸಿ ಬೇರೆ ಹಾಕಿದರೂ ಗೇರ್‌ಬಾಕ್ಸ್ ಮುಟ್ಟಬೇಕಾಗಿಲ್ಲ. 1930ರ ಮೂರು ಭಾಗದಲ್ಲಿ ಇದೂ ಒಂದಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ನನ್ನ ಅಂದಾಜು.

ಪೆಡಲ್ ಶಾಫ್ಟ್ ಲೇತ್ ಕೆಲಸ. ಹತ್ತಿರದ ವರ್ಕ್‌ಶಾಪಿಗೆ ಚಿತ್ರ ಹಿಡಿದುಕೊಂಡು ಹೋದೆ. ಅಲ್ಲಿನವರು ಕನ್ನಡಕ ಮೇಲೆತ್ತಿ ನೋಡಿ, "ಸಾರ್, ಇದು ನಮ್ ಲೇತಿನ ಹಿಡಿತಕ್ಕೆ ಸಿಗಲ್ಲ. ವಾಚ್ ರಿಪೇರಿಯವರ ಹತ್ರ ಹೋಗಿ" ಅಂದರು. ಸರಿ ಅಂತ ಹ್ಯಾಂಡ್ ಡ್ರಿಲ್ಲಿಗೆ ಹಿತ್ತಾಳೆ ಕಡ್ಡಿ ಸಿಕ್ಕಿಸಿ, ತಿರುಗುವಾಗ ಅರ ಒತ್ತಿ ಮೆಟ್ಟಿಲು ತೆಗೆದೆ. ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೆ ಚೆನ್ನಾಗೇ ಬಂದಿದೆ.

ತಲೆ ಕೆಡಿಸಿದ್ದು ಎಂಜಿನ್. 1932ರ ಪಟ್ಟಿಯಲ್ಲಿ ಎಂಜಿನ್ ಇಲ್ಲ. ಹಾಗಾಗಿ ನನ್ನ ನಿಯಮದ ಪ್ರಕಾರ ಅದಕ್ಕೆ ಬೂದು ಬಣ್ಣ. ಆದರೆ ಸ್ಪೀಡ್ ಸಿಕ್ಸ್ ಎಂಜಿನ್ನಿನಲ್ಲಿ ನನಗೆ ತುಂಬ ಇಷ್ಟವಾದ ಒಂದು ಯಂತ್ರ ಇದೆ. ವಾಲ್ವುಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟನ್ನು ತಿರುಗಿಸಲು ಅದರಲ್ಲಿ ಚೈನಿಲ್ಲ. ಎಂಜಿನ್ನಿನ ಹಿಂಬದಿಯಲ್ಲಿ ಮೂರು ಉದ್ದದ ರಾಡುಗಳು ಇವೆ, ಉಗಿಬಂಡಿಯ ಚಕ್ರಗಳನ್ನು ಜೋಡಿಸುವ ರಾಡಿನ ಹಾಗೆಯೇ ಅವು ಮೇಲೆ ಕೆಳಗೆ ಆಡುತ್ತವೆ. ಡಬ್ಲ್ಯೂ. ಒ. ಕಾರಿಗೆ ಕೈ ಹಾಕುವ ಮೊದಲು ಡಾನ್‌ಕಾಸ್ಟರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿದ್ದ. ಅಲ್ಲಿಯ ಪಾಠ ಇಲ್ಲಿ ಬಂದು ಕೂತಿದೆ. 8 ಲೀಟರಿನಲ್ಲೂ ಇದೇ ಏರ್ಪಾಡು. ಇಷ್ಟು ಚೆಂದದ್ದನ್ನು ಬೂದು ಬಣ್ಣದ ಒಂದು ದಿಮ್ಮಿ ಮಾಡಿ ಬಿಡಲು ಮನಸ್ಸು ಬರಲಿಲ್ಲ. ಕೊನೆಗೆ ಹೀಗೆ ಮಾಡಿದೆ: ಚಾಸಿಯೊಳಗೆ ಎಂಜಿನ್ನಿನ ಆಕಾರ ಮಾತ್ರ, ಬೂದು, ವಿವರ ಕಡಿಮೆ. ಮೂರು ರಾಡಿನ ಯಂತ್ರವನ್ನು ಬೇರೆಯಾಗಿ, ಕೈಯಲ್ಲಿ ತಿರುಗಿಸಿದರೆ ಆಡುವ ಹಾಗೆ, ದೊಡ್ಡ ಅಳತೆಯಲ್ಲಿ ಮಾಡಿ ಪಕ್ಕದಲ್ಲಿಡುವುದು. ಅದು ಮುಂದಿನ ಕೆಲಸ, ಈಗಲೇ ಶುರು ಮಾಡುವುದಿಲ್ಲ.

ನಡುವೆ ಒಂದು ಅಡ್ಡ ಮಾತು. ಯಾವ ಕಾರು ಯಾವುದು ಅನ್ನುವ ಗೊಂದಲ ಬಾರ್ನಾಟೊನ ಇನ್ನೊಂದು ಬೆಂಟ್ಲಿಗೂ ಅಂಟಿಕೊಂಡಿತ್ತು. 1930ರ ಮಾರ್ಚ್‌ನಲ್ಲಿ ಅವನು ಫ್ರಾನ್ಸಿನ ಕಾನ್ ಊರಿನಿಂದ ಬ್ಲೂ ಟ್ರೇನ್ ಎಂಬ ರೈಲಿನ ಜೊತೆ ಪಂದ್ಯ ಕಟ್ಟಿ, ರೈಲು ಫ್ರಾನ್ಸಿನ ಕಲೇ ಬಂದರು ತಲುಪುವ ಮೊದಲೇ ಲಂಡನ್ ಸೇರಿದ. ಗರ್ನಿ ನಟಿಂಗ್ ಅನ್ನುವ ಕಂಪನಿ ಬಾಡಿ ಕಟ್ಟಿದ ಇಳಿಜಾರು ಬೆನ್ನಿನ ಕೂಪೆಯೇ ಆ ಕಾರು ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಆದರೆ ಪಂದ್ಯದ ದಿನ ಆ ಕೂಪೆ ಇನ್ನೂ ತಯಾರೇ ಆಗಿರಲಿಲ್ಲ. ಅವನು ಓಡಿಸಿದ್ದು ಮಲ್ಲಿನರ್ ಅನ್ನುವ ಇನ್ನೊಂದು ಕಂಪನಿ ಬಾಡಿ ಕಟ್ಟಿದ ಸಾದಾ ಸಲೂನು ಕಾರು. ನೋಡಲು ಚೆಂದ ಇರುವ ಕಾರಿಗೆ ಕಥೆ ಹೋಗಿ ಅಂಟಿಕೊಂಡಿತ್ತು.

ಬಣ್ಣದ ಬಾಟಲಿಗಳು ಬಂದಿವೆ. ಉಳಿದ ಒಂದೇ ಪ್ರಶ್ನೆ 1929ರದ್ದು. ಕಾಲ ಹೇಳಲಾಗದ ಆ ಫಿಟ್ಟಿಂಗ್‌ಗಳಿಗೆ ಏನು ಬಣ್ಣ? ಹಸಿರು ಬಳಿದರೆ ಸುಳ್ಳಾಗಬಹುದು, ಬೂದು ಬಳಿದರೂ ಸುಳ್ಳಾಗಬಹುದು. ಕೆಲವು ಬೋಲ್ಟಿನ ತಲೆ, ಬ್ರ್ಯಾಕೆಟ್ಟುಗಳನ್ನು ಬಣ್ಣವೇ ಹಾಕದೆ ಹಿತ್ತಾಳೆಯಾಗೇ ಬಿಡೋಣ ಅಂತಿದ್ದೇನೆ. ಹಿತ್ತಾಳೆ ಕಪ್ಪಾಗದ ಹಾಗೆ ಮೇಲೆ ತೆಳುವಾಗಿ ಕ್ಲಿಯರ್ ಲ್ಯಾಕರ್ ಹೊಡೆದರೆ ಸಾಕು.

ಮುಂದಿನ ಬರಹದ ಹೊತ್ತಿಗೆ ಚಾಸಿಗೆ ಕೆಂಪು ಹತ್ತಿರುತ್ತದೆ, ಸ್ಪ್ರಿಂಗ್ ಮೇಲೆ ಮುಂದಿನ ಆ್ಯಕ್ಸಲ್ ಕೂತಿರುತ್ತದೆ. ಬ್ಯಾಂಜೋ ಮಾತ್ರ ಇನ್ನೂ ಕಾಗದದ ಮೇಲೇ ಇದೆ. ಆ ನಡುವಿನ ದುಂಡು ಭಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಕಾಯಿಸಿ ಒತ್ತುವುದೋ, ಎಪಾಕ್ಸಿಯಲ್ಲಿ ಎರಕ ಹೊಯ್ಯುವುದೋ ಇನ್ನೂ ಗೊತ್ತಾಗಿಲ್ಲ. ಈ ಅಳತೆಯಲ್ಲಿ ಹಿಂದಿನ ಆ್ಯಕ್ಸಲ್ ಮಾಡಿದವರಿದ್ದರೆ ನೀವು ಹೇಗೆ ಮಾಡಿದಿರಿ ಹೇಳಿ.