‘ಆಗಿನವರ ಹಾಗೆ ಈಗ ಯಾರಿದ್ದಾರೆ ಮೇಷ್ಟ್ರೇ?’

ಒಂದು ಸಲ ಬರೆದು ಇಟ್ಟುಬಿಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳುಹಿಸುತ್ತೇನೆ, ಬಾಯಿ ನೋಯಿಸಿಕೊಳ್ಳುವುದಿಲ್ಲ.

ನಾನು ತುಮಕೂರಿನ ರಸಮಂಜರಿ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುವವನು. 1997ರಿಂದ ಇದೇ ಕೆಲಸ. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಮದುವೆಯ ಆರತಕ್ಷತೆ, ಹೀಗೆ ಪೆಂಡಾಲ್ ಎಲ್ಲಿದೆಯೋ ಅಲ್ಲಿ ನಾವು. ಕಾರ್ಯಕ್ರಮ ಮುಗಿದು ವೈರು ಸುತ್ತುವ ಹೊತ್ತಿಗೆ ಒಬ್ಬರು ಬಂದೇ ಬರುತ್ತಾರೆ. ಬಾಯಲ್ಲಿ ಎಲೆ ಅಡಿಕೆ, ಇಲ್ಲವೇ ಕೈಯಲ್ಲಿ ಐಸ್‌ಕ್ರೀಂ ಬಟ್ಟಲು. “ಏನೇ ಹೇಳಿ ಮೇಷ್ಟ್ರೇ, ಆಗಿನವರ ಹಾಗೆ ಈಗ ಯಾರಿದ್ದಾರೆ?” ಆಗಿನವರು ಎಂದರೆ ಹಳೆಯ ಸಿನಿಮಾ ಹಾಡುಗಳನ್ನು ಹಾಡಿದವರು.

ಇದು ಪ್ರಶ್ನೆಯೇ ಅಲ್ಲ ಎಂಬುದು ನನ್ನ ಮೊದಲ ತಕರಾರು. ‘ಏನೇ ಹೇಳಿ’ ಎಂದು ಶುರು ಮಾಡಿದವರಿಗೆ ನಾನು ಏನು ಹೇಳಿದರೂ ಬೇಕಾಗಿಲ್ಲ. ತೀರ್ಪನ್ನು ಮನೆಯಲ್ಲೇ ಬರೆದುಕೊಂಡು ಬಂದಿರುತ್ತಾರೆ, ನನ್ನಿಂದ ರುಜು ಹಾಕಿಸಿಕೊಳ್ಳುವುದಷ್ಟೇ ಬಾಕಿ. ತಲೆಯಾಡಿಸಿದರೆ ಸಂತೋಷದಿಂದ ಹೋಗುತ್ತಾರೆ. ‘ಹಾಗೇನಿಲ್ಲ ಸ್ವಾಮಿ’ ಎಂದರೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ರಾತ್ರಿ ಹನ್ನೊಂದಕ್ಕೆ, ಊಟ ಮಾಡಿರದ ನಾನು ಯಾವುದನ್ನು ಆರಿಸಿಕೊಳ್ಳುತ್ತೇನೆ ಎಂದು ಬೇರೆ ಹೇಳಬೇಕಾಗಿಲ್ಲ.

ನಿಜವಾಗಿಯೂ ಉತ್ತರ ಬೇಕಾದವರಿಗೆ ಉತ್ತರ ಇದು: ಇದ್ದಾರೆ. ಈಗಿನ ಗಾಯಕ ವಿಜಯ್ ಪ್ರಕಾಶ್ ಹಾಡಿದ ಹಾಡೊಂದನ್ನು ಹಾಡಲು ಹೋಗಿ ನಮ್ಮ ತಂಡದ ಹುಡುಗ ಚರಣದ ನಡುವೆ ಉಸಿರು ಸಾಲದೆ, “ಎಲ್ಲರೂ ಹೇಳಿ!” ಎಂದು ಮೈಕನ್ನು ಜನರ ಕಡೆಗೆ ತಿರುಗಿಸಿದ್ದನ್ನು ನೋಡಿದ್ದೇನೆ. ಜನ ಅದನ್ನು ಉತ್ಸಾಹ ಎಂದುಕೊಂಡರು. ಈಗಿನ ಹಾಡುಗಳು ಸುಲಭ ಎನ್ನುವವರು ಒಂದು ಸಲ ವೇದಿಕೆ ಹತ್ತಿ ಹಾಡಿ ನೋಡಲಿ, ನಾನು ಶ್ರುತಿ ಕೊಡುತ್ತೇನೆ.

ಆಗಿನದರಲ್ಲಿ ಹೆಚ್ಚಿನದು ಏನೂ ಇರಲಿಲ್ಲವೇ? ಇತ್ತು. ಮಾತು ಕೇಳಿಸುತ್ತಿತ್ತು. ಈಗ ಎಷ್ಟೋ ಹಾಡುಗಳಲ್ಲಿ ಡ್ರಮ್ಸ್ ಮತ್ತು ಬೇಸ್ ನಡುವೆ ಸಾಹಿತ್ಯವು ಸಂತೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಅಳುತ್ತಿರುತ್ತದೆ. ಆದರೆ ಅದು ಹಾಡಿದವರ ತಪ್ಪಲ್ಲ, ಮಿಕ್ಸಿಂಗ್‌ಗೆ ಕುಳಿತವರ ತೀರ್ಮಾನ. ಇನ್ನೊಂದು, ಆಗಿನ ರಾಗಗಳನ್ನು ಸಾಮಾನ್ಯರ ಗಂಟಲೂ ಹೊರಬಲ್ಲದಾಗಿತ್ತು. ತೆಂಗಿನಕಾಯಿ ಸುಲಿಯುತ್ತ ಹಾಡಬಹುದಾದ ಹಾಡುಗಳು ಅವು. ಈಗಿನ ಹಾಡನ್ನು ಸುಲಿಯುತ್ತ ಹಾಡಿದರೆ ಕೈಗೆ ಏಟು ಬೀಳುತ್ತದೆ.

“ಈಗ ಎಲ್ಲಿಂದಲೋ ಕರೆಸಿ ಹಾಡಿಸುತ್ತಾರೆ, ಕನ್ನಡವೇ ಬಾರದು” ಎಂಬುದು ಇದೇ ಪ್ರಶ್ನೆಯ ತಮ್ಮ. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ ಗುಂಟೂರು ಸೀಮೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ತೆಲುಗು. ಅವರು ಕಲಿತು ಹಾಡಿದರು, ಈಗ ಕೆಲವರು ಕಲಿಯದೆ ಹಾಡುತ್ತಾರೆ ಎಂದರೆ ಒಪ್ಪುತ್ತೇನೆ. ಆದರೆ ದೂರು ಹೇಳುವಾಗ ಊರಿನ ಹೆಸರು ತರಬೇಡಿ.

ಆಟೋಟ್ಯೂನ್ ವಿಷಯವನ್ನೂ ಮುಗಿಸಿಬಿಡುತ್ತೇನೆ. ಬಿದ್ದ ಸ್ವರವನ್ನು ಎತ್ತಿ ನಿಲ್ಲಿಸುವ ಈ ತಂತ್ರಾಂಶ ಬಂದದ್ದು 1997ರಲ್ಲಿ, ನಾನು ತಂಡ ಸೇರಿದ ವರ್ಷವೇ. ಇಬ್ಬರಿಗೂ ಅಂದಿನಿಂದ ಬೈಗುಳ ತಪ್ಪಿಲ್ಲ. ಯಂತ್ರವೊಂದೇ ಹಾಡುಗಾರನನ್ನು ಮಾಡುವುದಾಗಿದ್ದರೆ ನಮ್ಮ ವ್ಯಾನಿನ ಡ್ರೈವರ್ ಎಂದೋ ಹಾಡುಗಾರನಾಗಿರುತ್ತಿದ್ದ. ಪ್ರಯತ್ನಿಸಿ ನೋಡಿದ್ದೇವೆ.

ಯಂತ್ರದ ಮಾತು ಬಂದಾಗ ನನಗೆ ಹಾರ್ಮೋನಿಯಂ ಕಲಿಸಿದ ಮೇಷ್ಟ್ರು ನೆನಪಾಗುತ್ತಾರೆ. ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದವರು. ಹಗಲು ಹೊಲ ಉತ್ತು ಬಂದವನಿಗೆ ರಾತ್ರಿ ದುರ್ಯೋಧನನ ಕಂದಪದ್ಯ ಬಾಯಿಪಾಠ ಮಾಡಿಸಬೇಕು, ಅವನು ಎತ್ತಿದ ಶ್ರುತಿಗೆ ಪೇಟಿ ಹಿಡಿಯಬೇಕು, ಆಟದ ದಿನ ಜನ ‘ಒನ್ಸ್ ಮೋರ್’ ಎಂದು ಕೂಗಿದಷ್ಟು ಸಲ ಅದನ್ನೇ ಮತ್ತೆ ನುಡಿಸಬೇಕು. ಅವರ ಅಳತೆಗೋಲು ಒಂದೇ: ರಂಗದ ಮೇಲಿನ ಕೃಷ್ಣ ಹಾಡಿದ್ದು ಊರ ಕೊನೆಯ ಮನೆಯ ಜಗುಲಿಗೆ ಕೇಳಿಸಬೇಕು. ನಾನು ಹುಡುಗಾಟಿಕೆಯಿಂದ ಪಿ.ಬಿ. ಶ್ರೀನಿವಾಸರ ಹಾಡೊಂದನ್ನು ಪೇಟಿಯ ಮೇಲೆ ನುಡಿಸಿದಾಗ ಮೇಷ್ಟ್ರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅದು ಮೈಕಿನ ದನಿ ಕಣಯ್ಯ. ಕರೆಂಟ್ ಹೋದರೆ ಮೂರನೆಯ ಸಾಲಿಗೂ ಮುಟ್ಟುವುದಿಲ್ಲ.”

ಒಂದು ಅರ್ಥದಲ್ಲಿ ಅವರು ಹೇಳಿದ್ದು ಸರಿಯೇ. ಕಿವಿಯ ಬಳಿ ಬಂದು ಹೇಳಿದಷ್ಟು ಮೆಲ್ಲಗೆ ಹಾಡಿದ್ದನ್ನು ಸಾವಿರ ಜನರಿಗೆ ತಲುಪಿಸಿದ್ದು ಮೈಕು. ಅದಿಲ್ಲದಿದ್ದರೆ ಆ ಮೃದುತನಕ್ಕೆ ಸಿನಿಮಾದಲ್ಲಿ ಜಾಗವೇ ಇರುತ್ತಿರಲಿಲ್ಲ. ಆದರೂ ಮೇಷ್ಟ್ರು ಅದನ್ನು ಕೊರತೆ ಎಂದುಕೊಂಡರು, ನಾನು ಸಿರಿ ಎಂದುಕೊಂಡೆ. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ದ ಕ್ಯಾಸೆಟ್ ಮನೆಗೆ ತಂದಾಗ ನಮ್ಮಪ್ಪ, “ಇವರು ಹಾಡುತ್ತಿದ್ದಾರೋ ಜಗಳವಾಡುತ್ತಿದ್ದಾರೋ?” ಎಂದರು. ಈಗ ಅದೇ ಹಾಡುಗಳನ್ನು ‘ಸವಿನೆನಪು’ ಎಂಬ ಬ್ಯಾನರ್ ಕೆಳಗೆ ನುಡಿಸುತ್ತೇವೆ. ಹೋದ ವರ್ಷ ಕ್ಯಾತ್ಸಂದ್ರದ ಆರತಕ್ಷತೆಯೊಂದರಲ್ಲಿ ಮದುಮಗಳ ತಂಗಿ ಬಂದು, “ಅಂಕಲ್, ಒಂದು ಹಳೆಯ ಹಾಡು ಹಾಡಿಸಿ” ಎಂದಳು. ನಾನು ಸಂಭ್ರಮದಿಂದ ನೋಟ್‌ಬುಕ್ಕಿನಲ್ಲಿ ಹಳೆಯ ಸಂಗೀತ ನಿರ್ದೇಶಕರಾದ ರಾಜನ್-ನಾಗೇಂದ್ರರ ಪುಟ ತೆರೆದೆ. ಅವಳಿಗೆ ಬೇಕಾಗಿದ್ದದ್ದು ‘ಮುಂಗಾರು ಮಳೆ’. 2006ರದ್ದು. ನನಗೆ ಅದು ನಿನ್ನೆಯ ಸಿನಿಮಾ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಈ ಬರಹ ಇಷ್ಟು ಸಿಡುಕಿನಿಂದ ಕೂಡಿರುವುದಕ್ಕೆ ಆ ದಿನವೇ ಕಾರಣ.

ಗುಬ್ಬಿ ತಾಲ್ಲೂಕಿನ ಒಂದು ಊರು. ಗಣೇಶನ ಸಮಿತಿಯ ಯಜಮಾನರು ತಿಂಗಳ ಮುಂಚೆಯೇ ಮಾತುಕತೆಗೆ ಬಂದಿದ್ದರು. ಹತ್ತು ಜನರ ತಂಡಕ್ಕೆ ನಾನು 35 ಸಾವಿರ ಹೇಳಿದೆ. ತಬಲಾ, ಢೋಲಕ್, ಡ್ರಮ್ಸ್, ರಿದಂ ಪ್ಯಾಡ್, ಗಿಟಾರ್, ಕೊಳಲು, ಕೀಬೋರ್ಡ್, ಹಾಡಲು ಮೂವರು. ಅವರು ಬೆರಳು ಮಡಚುತ್ತ ಬಂದರು. “ತಬಲಾ ಢೋಲಕ್ ಎರಡೂ ಯಾಕೆ? ಕೊಳಲು ನಿಮ್ಮ ಪೆಟ್ಟಿಗೆಯಲ್ಲೇ ಬರುತ್ತದಲ್ಲ? ಗಿಟಾರ್ ಯಾರಿಗೆ ಕೇಳಿಸುತ್ತದೆ?” ಕೊನೆಗೆ ಐದು ಜನಕ್ಕೆ ಇಳಿಸಿ 15 ಸಾವಿರಕ್ಕೆ ಮುಗಿಸಿದರು. “ಮಿಕ್ಕಿದ್ದಕ್ಕೆ ಟ್ರ್ಯಾಕ್ ಹಾಕಿಕೊಳ್ಳಿ. ಆದರೆ ಹಾಡುಗಳು ಮಾತ್ರ ಹಳೆಯವೇ ಆಗಿರಬೇಕು.” ಐದು ಸಾವಿರ ಮುಂಗಡ ಕೊಟ್ಟರು.

ಕಾರ್ಯಕ್ರಮದ ದಿನ ಮೊದಲ ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಯಜಮಾನರು ವೇದಿಕೆ ಹತ್ತಿದರು. ಹಾರ ತುರಾಯಿ ಆಯಿತು. ಮೈಕ್ ಹಿಡಿದರು. ಇದು ಗುಬ್ಬಿ ವೀರಣ್ಣನವರ ನೆಲ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಗಾಳಿ ಇಲ್ಲಿ ಇನ್ನೂ ಬೀಸುತ್ತಿದೆ, ಅಣ್ಣಾವ್ರು ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದವರು ಎಂದರು. ಎಲ್ಲವೂ ನಿಜವೇ. ಆಮೇಲೆ ಅರುವತ್ತರ ದಶಕದ ಹಾಡೊಂದರ ಪಲ್ಲವಿಯನ್ನು ತಾವೇ ಹಾಡಿ ತೋರಿಸಿ, “ಈ ಹಾಡನ್ನು ಅಣ್ಣಾವ್ರು ಹಾಡಿದ ಹಾಗೆ ಇಂದಿನ ಯಾವನಾದರೂ ಹಾಡಬಲ್ಲನೇ?” ಎಂದು ಗುಡುಗಿದರು. ಪೆಂಡಾಲ್ ತುಂಬ ಚಪ್ಪಾಳೆ.

ಆ ಹಾಡನ್ನು ಹಾಡಿದ್ದು ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ತಮ್ಮ ಚಿತ್ರಗಳಿಗೆ ತಾವೇ ಹಾಡುವುದು ರೂಢಿಯಾದದ್ದು 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ. ಅದಕ್ಕೆ ಮುಂಚೆ ತೆರೆಯ ಮೇಲೆ ತುಟಿ ಅವರದು, ದನಿ ಬಹುಪಾಲು ಶ್ರೀನಿವಾಸರದು. ಒಂದು ದನಿ ಇನ್ನೊಬ್ಬರ ಮೈಗೆ ಅಷ್ಟು ಹೊಂದಿಕೊಂಡಿತೆಂದರೆ ಅದು ಇಬ್ಬರ ದೊಡ್ಡತನ. ಆದರೆ ಹಾಡಿದವರು ಯಾರೆಂದು ತಿಳಿಯದ ಮನುಷ್ಯ, ಅವರಷ್ಟು ಚೆನ್ನಾಗಿ ಹಾಡುವವರು ಈಗಿಲ್ಲ ಎಂದು ಮೈಕಿನಲ್ಲಿ ಸಾರುತ್ತಿದ್ದಾರೆ. ಅಷ್ಟರಲ್ಲಿ ನನ್ನ ಕಡೆ ತಿರುಗಿ, “ಏನಂತೀರಿ ಮೇಷ್ಟ್ರೇ?” ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದರು.

ಹತ್ತು ಸಾವಿರ ಬಾಕಿ ಇತ್ತು. “ಹೌದು ಯಜಮಾನರೇ” ಎಂದೆ.

ಭಾಷಣ ಇಪ್ಪತ್ತು ನಿಮಿಷ ನಡೆಯಿತು. ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಲೇಬೇಕಾದ್ದರಿಂದ ಪಟ್ಟಿಯಲ್ಲಿದ್ದ ನಾಲ್ಕು ಹಳೆಯ ಹಾಡುಗಳನ್ನು ಕೈಬಿಟ್ಟೆವು.

ಆ ರಾತ್ರಿ ವ್ಯಾನಿನಲ್ಲಿ ಬರುವಾಗ ನನಗೆ ಹೊಳೆದದ್ದು ಇಷ್ಟು. ಇಷ್ಟು ವರ್ಷಗಳಲ್ಲಿ ನನ್ನನ್ನು ಒಬ್ಬರೂ ‘ಆ ಹಾಡಿನಲ್ಲಿ ಕೊಳಲು ನುಡಿಸಿದವರು ಯಾರು?’ ಎಂದು ಕೇಳಿಲ್ಲ. ಅದನ್ನು ಕೇಳಿದರೆ ರಾತ್ರಿ ಹನ್ನೊಂದಲ್ಲ, ಎರಡಾದರೂ ಕೂರುತ್ತೇನೆ.

ನಮ್ಮ ಕಸುಬೇ ಬೇರೆಯವರು ನುಡಿಸಿದ್ದನ್ನು ಹಾಗೆಯೇ ನುಡಿಸುವುದು. ಪಲ್ಲವಿ ಚರಣಗಳ ನಡುವಿನ ಸಂಗೀತವನ್ನು ನಾವು ‘ಬಿಟ್’ ಎನ್ನುತ್ತೇವೆ. ಟೇಪ್ ರೆಕಾರ್ಡರಿನಲ್ಲಿ ಹಿಂದಕ್ಕೆ ಸುತ್ತಿ ಮುಂದಕ್ಕೆ ಸುತ್ತಿ, 200 ಪುಟದ ನೋಟ್‌ಬುಕ್ಕಿನಲ್ಲಿ ಸರಿಗಮ ಬರೆದುಕೊಂಡು ಕಲಿತವನು ನಾನು. ಟೇಪ್ ನಿಧಾನವಾಗಿದ್ದರೆ ಶ್ರುತಿ ಕೀಬೋರ್ಡಿನ ಎರಡು ಮನೆಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು, ಕಪ್ಪುಮನೆಯೂ ಅಲ್ಲ, ಬಿಳಿಮನೆಯೂ ಅಲ್ಲ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಈ ಸಂಗೀತ ನಿರ್ದೇಶಕರ ನೂರಾರು ಬಿಟ್‌ಗಳು ನನ್ನ ಬೆರಳಿನಲ್ಲಿವೆ. ಒಂದು ಹಾಡಿನಲ್ಲಿ ಎರಡನೆಯ ಚರಣಕ್ಕೆ ಮುಂಚೆ ಕೊಳಲಿನವರು ಷಡ್ಜಕ್ಕೆ ಬರುವ ಮೊದಲು ತುಸು ತಡೆಯುತ್ತಾರೆ. ಆ ತಡೆಯುವಿಕೆಯನ್ನು ನಕಲು ಮಾಡಲು ನನಗೆ ಒಂದು ವಾರ ಹಿಡಿಯಿತು. ಅವರು ಯಾರು? ಗೊತ್ತಿಲ್ಲ.

ಆಗ ಬಹುಪಾಲು ಕನ್ನಡ ಹಾಡುಗಳ ಧ್ವನಿಮುದ್ರಣ ನಡೆಯುತ್ತಿದ್ದದ್ದು ಮದರಾಸಿನಲ್ಲಿ. ಹಾಡುವವರು, ಪಿಟೀಲಿನವರು, ಕೊಳಲಿನವರು, ತಬಲಾದವರು ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕು. ಕೊನೆಯ ಸಾಲಿನಲ್ಲಿ ಒಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ. ಅಷ್ಟು ಜನ ಬೆವರು ಸುರಿಸಿದ ರೆಕಾರ್ಡಿನ ಮೇಲೆ ಚಿತ್ರ, ಸಂಗೀತ ನಿರ್ದೇಶಕ, ಕವಿ, ಗಾಯಕರು, ಇಷ್ಟೇ ಹೆಸರು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ಒಬ್ಬರ ಹೆಸರು ನಮಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವರು 1976ರಲ್ಲಿ ತಾವೇ ಸಂಗೀತ ನಿರ್ದೇಶಕರಾದರು. ಇಳಯರಾಜ. ಇಳಯರಾಜ ಆಗದೆ ಉಳಿದವರ ಕಥೆ ಏನು? ‘ಆಗಿನವರು’ ಎಂದು ಹಾಡಿ ಹೊಗಳುವವರ ಬಾಯಲ್ಲಿ ಎಂಟು ಹೆಸರು ದಾಟುವುದಿಲ್ಲ.

ಈ ಒಂದು ವಿಷಯದಲ್ಲಿ ಮಾತ್ರ ಈಗಿನ ಕಾಲಕ್ಕೆ ನನ್ನ ನಮಸ್ಕಾರ. ಯೂಟ್ಯೂಬಿನಲ್ಲಿ ಹೊಸ ಹಾಡಿನ ಕೆಳಗಿನ ವಿವರ ತೆರೆದು ನೋಡಿ. ಎಲ್ಲ ಹಾಡಿಗೂ ಇರುವುದಿಲ್ಲ, ಆದರೆ ಅನೇಕ ಹಾಡುಗಳಿಗೆ ಗಿಟಾರ್ ಯಾರು, ಕೊಳಲು ಯಾರು, ಕೋರಸ್ ಯಾರು, ಮಿಕ್ಸಿಂಗ್ ಯಾರು ಎಂದು ಪಟ್ಟಿ ಇರುತ್ತದೆ. ನಾನು ಹಾಡಿಗಿಂತ ಮೊದಲು ಅದನ್ನು ಓದುತ್ತೇನೆ.

ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ನಮ್ಮ ತಂಡದಲ್ಲಿ ಕೊಳಲು ನುಡಿಸುವವರೊಬ್ಬರಿದ್ದರು, ತಿಪಟೂರಿನವರು. ಎಲ್ಲರಿಗೂ ಅವರು ‘ಕೊಳಲಣ್ಣ’. ಹೊಸ ಕೀಬೋರ್ಡ್ ಕೊಂಡ ವರ್ಷ, ಅದರೊಳಗಿನ ಕೊಳಲಿನ ದನಿ ಚೆನ್ನಾಗಿದೆ ಎಂದು ಸಂಘಟಕರಿಗೆ ಮೊದಲು ನುಡಿಸಿ ತೋರಿಸಿದವನು ನಾನೇ. ಯಜಮಾನರಂಥವರು ಬೆರಳು ಮಡಚಲು ಕಲಿತದ್ದು ಅಲ್ಲಿಂದ. ಕೊಳಲಣ್ಣ ಮೊದಲು ದೊಡ್ಡ ಕಾರ್ಯಕ್ರಮಗಳಿಗೆ ಮಾತ್ರ ಬರುವಂತಾದರು, ಆಮೇಲೆ ಬರಲಿಲ್ಲ. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದರು. ಅವರ ಪೂರ್ತಿ ಹೆಸರು ನನಗೆ ತಿಳಿದದ್ದು ಅವರ ಮಗಳ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ. ಆರು ವರ್ಷ ಒಂದೇ ವ್ಯಾನಿನಲ್ಲಿ ಓಡಾಡಿದವರು ನಾವು.

ಒಮ್ಮೆ ತಿಪಟೂರಿನಲ್ಲಿ ನಮ್ಮ ಕಾರ್ಯಕ್ರಮ ಕೇಳಲು ಬಂದಿದ್ದರು. ಮುಗಿದ ಮೇಲೆ ವೇದಿಕೆಯ ಪಕ್ಕಕ್ಕೆ ಬಂದರು. ಅವರೂ ಅದೇ ಪ್ರಶ್ನೆ ಕೇಳುತ್ತಾರೆಂದುಕೊಂಡೆ. “ನಿನ್ನ ಕೊಳಲು ಉಸಿರು ಎಲ್ಲಿ ತೆಗೆದುಕೊಳ್ಳುತ್ತದಯ್ಯ?” ಎಂದರು. ಬೈಗುಳವಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು. ನೋಟ್‌ಬುಕ್ ತರಿಸಿ, ಪ್ರತಿ ಸಾಲಿನಲ್ಲೂ ಬಾಯಿ ತೆಗೆಯಬೇಕಾದ ಜಾಗಕ್ಕೆ ಪೆನ್ನಿನಿಂದ ಸಣ್ಣ ಗೀಟು ಹಾಕಿದರು. ಈಗ ಅಲ್ಲೆಲ್ಲ ಬೆರಳು ಎತ್ತುತ್ತೇನೆ.

ಇದನ್ನು ಬರೆಯುವ ಮುಂಚೆ ಫೋನ್ ಮಾಡಿ, “ಅಣ್ಣ, ನಿಮ್ಮ ಹೆಸರು ಹಾಕಲೇ?” ಎಂದು ಕೇಳಿದೆ. “ಈಗ ಯಾಕೆ ಬಿಡು” ಎಂದರು. ಬಿಟ್ಟಿದ್ದೇನೆ.

ಈ ಸಲದ ಹಬ್ಬಕ್ಕೆ ಅದೇ ಯಜಮಾನರು ಮತ್ತೆ ಫೋನ್ ಮಾಡಿದ್ದರು. ನಾಲ್ಕು ಜನ ಸಾಕಂತೆ. ಹಾಡುಗಳು ಮಾತ್ರ ಹಳೆಯವೇ ಆಗಿರಬೇಕಂತೆ. ಒಪ್ಪಿಕೊಂಡಿದ್ದೇನೆ, ಮುಂಗಡ ಬಂದಿದೆ.