ಎರಡೂವರೆ ನಿಮಿಷದ ಫೈಟು, ನಾಲ್ಕು ತಿಂಗಳ ಕೆಲಸ

ಫೆಬ್ರವರಿ, ಎರಡನೇ ವಾರ

ನಮ್ಮ ಫೈಟ್ ಸೀನಿನ ಮೊದಲ ಎಡಿಟ್ ಮುಗಿಯಿತು. ರಾತ್ರಿ ಊಟ ಆದ ಮೇಲೆ ಟಿವಿಗೆ ಹಾಕಿ ಮನೆಯವರಿಗೆಲ್ಲ ತೋರಿಸಿದೆ. ನಕ್ಕರು. ಕಾಮಿಡಿ ಸೀನ್ ಆಗಿದ್ದರೆ ಖುಷಿಪಡಬಹುದಿತ್ತು.

ಸೀನ್ ಇಷ್ಟೇ: ಹೀರೋನ ಸ್ಕೂಟರ್ ಕೀ ವಿಲನ್ ಕಸಿದುಕೊಂಡಿದ್ದಾನೆ. ಹೀರೋ ಅದನ್ನು ತೆಗೆದುಕೊಂಡು ಗೇಟು ದಾಟಬೇಕು. ಜಾಗ ಫಲ್ಗುಣಿ ನದಿ ದಡದ ಒಂದು ಮುಚ್ಚಿದ ಹೆಂಚಿನ ಕಾರ್ಖಾನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚು ಮಾಡಲು ಶುರು ಮಾಡಿದ ಮೇಲೆ ಇಲ್ಲಿನ ಎರಡೂ ನದಿಗಳ ದಡದಲ್ಲಿ ಇಂಥ ಕಾರ್ಖಾನೆಗಳು ಎದ್ದವು. ಈಗ ಹೆಚ್ಚಿನವು ಬಾಗಿಲು ಹಾಕಿವೆ. ನಮಗೆ ಸಿಕ್ಕಿದ್ದು ಗೆಳೆಯನ ಸಂಬಂಧಿಕರದ್ದು. ಭಾನುವಾರ ಮಾತ್ರ, ಬಾಡಿಗೆ ಇಲ್ಲ, ಆದರೆ ಸಾಲಾಗಿ ಜೋಡಿಸಿಟ್ಟ ಹೆಂಚು ಒಂದೂ ಒಡೆಯಬಾರದು. ಫೈಟ್ ಮಾಡುವವರಿಗೆ ಇಡುವ ಷರತ್ತಾ ಇದು?

ಸಾಮಾನು: ನನ್ನ ಫೋನು, ಫೋನು ಅಲುಗಾಡದ ಹಾಗೆ ಹಿಡಿಯುವ ಸೆಕೆಂಡ್ ಹ್ಯಾಂಡ್ ಗಿಂಬಲ್, ಹಳೇ ಹಾಸಿಗೆ ಎರಡು. ಎಡಿಟಿಂಗ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ.

ತಂಗಿ ಹೇಳಿದ್ದು: "ಯಾರು ಯಾರಿಗೆ ಹೊಡೆದದ್ದು ಅಂತಲೇ ಗೊತ್ತಾಗ್ಲಿಲ್ಲ." ಅಮ್ಮ ಹೇಳಿದ್ದು: "ಆ ಹುಡುಗನಿಗೆ ನೋವೇ ಆಗುದಿಲ್ವಾ? ಸುಮ್ನೆ ಎದ್ದು ಎದ್ದು ಬರ್ತಾನೆ." ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ತಂಗಿಯ ಮಾತಿಗೆ ಕೆಂಪು ಗೆರೆ ಎಳೆದೆ. ಅಮ್ಮನದ್ದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಫೆಬ್ರವರಿ ಕೊನೆ

ಕಟ್‌ಗಳನ್ನು ಎಣಿಸಿದೆ. 2 ನಿಮಿಷ 40 ಸೆಕೆಂಡಿನಲ್ಲಿ 118 ಕಟ್. ಒಂದೊಂದು ಶಾಟ್‌ಗೆ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ತಪ್ಪು ಇದೇ ಅಂದುಕೊಂಡೆ. ಆಮೇಲೆ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಹಾಕಿ ಕೂತೆ. 2015ರ ಸಿನಿಮಾ, ಎಡಿಟಿಂಗ್‌ಗೆ ಮಾರ್ಗರೆಟ್ ಸಿಕ್ಸೆಲ್‌ಗೆ ಆಸ್ಕರ್ ಬಂದಿತ್ತು. ಅದರಲ್ಲೂ ಕಟ್ ಮೇಲೆ ಕಟ್. ಆದರೂ ಯಾರು ಯಾವ ಗಾಡಿಯ ಮೇಲಿದ್ದಾರೆ ಅಂತ ಒಮ್ಮೆಯೂ ಗೊಂದಲ ಆಗುವುದಿಲ್ಲ. ಯಾಕೆ ಅಂದರೆ ನೋಡಬೇಕಾದದ್ದು ಹೆಚ್ಚುಕಡಿಮೆ ಎಲ್ಲ ಶಾಟ್‌ನಲ್ಲೂ ಪರದೆಯ ನಟ್ಟನಡುವೆ ಇರುತ್ತದೆ. ಕಟ್ ಆದಾಗ ಕಣ್ಣು ಹುಡುಕುತ್ತಾ ಹೋಗಬೇಕಾಗಿಲ್ಲ, ಇದ್ದಲ್ಲೇ ಇದ್ದರೆ ಸಾಕು.

ನಮ್ಮದರಲ್ಲಿ? ಮುಷ್ಟಿ ಎಡಮೂಲೆಯಲ್ಲಿ, ಮರುಶಾಟ್‌ನಲ್ಲಿ ಮುಖ ಬಲಮೂಲೆಯಲ್ಲಿ. ಕಣ್ಣು ಅತ್ತಿಂದಿತ್ತ ಓಡಿ ತಲುಪುವಷ್ಟರಲ್ಲಿ ಏಟು ಬಿದ್ದು ಮುಗಿದಿರುತ್ತದೆ. ಅದರ ಮೇಲೆ ಇಬ್ಬರಿಗೂ ಕಪ್ಪು ಟೀಶರ್ಟ್. ಈ ಐಡಿಯಾ ನನ್ನದೇ, ಸ್ಟೈಲ್ ಆಗಿ ಕಾಣಲಿ ಅಂತ.

ಮಾರ್ಚ್, ಎರಡು ಭಾನುವಾರ

ಮರುಶೂಟಿಂಗ್. ಹೀರೋಗೆ ಬಿಳಿ ಶರ್ಟು, ಹೆಗಲ ಮೇಲೆ ಬೈರಾಸು, ಅಂದರೆ ಟವೆಲು. ವಿಲನ್‌ಗೆ ಕಪ್ಪೇ ಇರಲಿ.

ನೆಲದ ಮೇಲೆ ರಂಗೋಲಿ ಹುಡಿಯಲ್ಲಿ ಇಬ್ಬರ ನಡುವೆ ಒಂದು ಗೆರೆ ಎಳೆದೆ. ಕ್ಯಾಮೆರಾ ಆ ಗೆರೆಯ ಈಚೆಯೇ ಇರಬೇಕು. ದಾಟಿದರೆ ಎಡಗಡೆ ಇದ್ದವನು ಬಲಕ್ಕೆ ಹೋಗುತ್ತಾನೆ, ತಂಗಿ ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ. ಕೀಯನ್ನು ವಿಲನ್ ಜೇಬಿನಿಂದ ತೆಗೆಸಿ ಗೇಟಿನ ಪಕ್ಕದ ಕಂಬದ ಮೊಳೆಗೆ ನೇತುಹಾಕಿದೆವು, ಕೆಂಪು ರಿಬ್ಬನ್ ಕಟ್ಟಿ. ಈ ಸಣ್ಣ ಬದಲಾವಣೆಯಿಂದ ಆದ ಉಪಕಾರ ಇಷ್ಟೆಂದಿಲ್ಲ. ವೈಡ್ ಶಾಟ್‌ನಲ್ಲೆಲ್ಲ ಕೀ ಕಾಣುತ್ತದೆ. ಹೀರೋ ಅದರ ಕಡೆ ಎರಡು ಹೆಜ್ಜೆ ಹೋದರೆ ಗೆಲ್ಲುತ್ತಿದ್ದಾನೆ, ಹಿಂದೆ ಬಿದ್ದರೆ ಸೋಲುತ್ತಿದ್ದಾನೆ. ಡೈಲಾಗೇ ಬೇಡ.

ಮಧ್ಯಾಹ್ನ ಬೇರೆ ತಲೆನೋವು. ಒಡೆದ ಮಾಡಿನಿಂದ ಬಿಸಿಲು ನೇರ ಒಳಗೆ. ಫೋನು ತಾನಾಗಿಯೇ ಶಟರನ್ನು, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 1/1000ಕ್ಕೆ ಇಳಿಸಿಬಿಡುತ್ತಿತ್ತು. ಆಗ ಬೀಸಿದ ಕೈ ತುಂಡು ತುಂಡಾಗಿ ಹಾರಿದ ಹಾಗೆ ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮ್ ತೆಗೆಯುವಾಗ ಶಟರ್ 1/50ರ ಹತ್ತಿರ ಇದ್ದರೆ ಕೈ ಬೀಸಿದಲ್ಲಿ ಸ್ವಲ್ಪ ಮಸುಕು ಉಳಿಯುತ್ತದೆ, ಆ ಮಸುಕೇ ವೇಗ. ಎನ್‌ಡಿ ಫಿಲ್ಟರ್ ತರಿಸಿದೆ. ಕ್ಯಾಮೆರಾಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಒಳಗಿನ ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟ್ ಪಟ್ಟಿ ಪಟ್ಟಿಯಾಗಿ ಮಿನುಗುತ್ತಿದ್ದದ್ದೂ 1/50ಕ್ಕೆ ನಿಂತಿತು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಒಂದೊಂದು ಫ್ರೇಮಿಗೆ ಸರಿಯಾಗಿ ಎರಡು ಮಿನುಗು ಸಿಗುತ್ತದೆ.

ಮುಷ್ಟಿಗೂ ಕೆನ್ನೆಗೂ ನಡುವೆ ಒಂದು ಗೇಣು ಬಿಟ್ಟೇ ಹೊಡೆಯುವುದು. ಕ್ಯಾಮೆರಾ ಏಟು ತಿನ್ನುವವನ ಭುಜದ ಹಿಂದೆ ಇಟ್ಟರೆ ಆ ಗೇಣು ಕಾಣುವುದಿಲ್ಲ. ಪಕ್ಕದಿಂದ ಇಟ್ಟರೆ ಲಾರಿ ಹೋಗುವಷ್ಟು ಜಾಗ ಕಾಣುತ್ತದೆ.

ಮಾರ್ಚ್ ಕೊನೆ: ಥರ್ಮಾಕೋಲ್ ಹೆಂಚು

ಹೆಂಚು ಒಡೆಯಬಾರದು ಅಂದರಲ್ಲ, ಅದಕ್ಕೆ ನಾವೇ ಥರ್ಮಾಕೋಲಿನಲ್ಲಿ ಆರು ಹೆಂಚು ಕೊರೆದೆವು. ಮೊದಲನೆಯದಕ್ಕೆ ಸ್ಪ್ರೇ ಪೇಂಟ್ ಹೊಡೆದೆ. ಥರ್ಮಾಕೋಲು ಕರಗಿ ಹಪ್ಪಳ ಸುಟ್ಟ ಹಾಗಾಯಿತು. ಉಳಿದ ಐದಕ್ಕೆ ರೆಡ್ ಆಕ್ಸೈಡ್ ಹುಡಿಯನ್ನು ನೀರಿನ ಡಿಸ್ಟೆಂಪರಿಗೆ ಕಲಸಿ ಬಳಿದೆ. ಬಣ್ಣ ಭರ್ಜರಿ ಬಂತು. ಮಾಲೀಕರ ಮನೆಯವರೇ ಒಂದನ್ನು ನಿಜವಾದ ಹೆಂಚು ಅಂದುಕೊಂಡು ಎತ್ತಲು ಬಗ್ಗಿದರು.

ಸ್ಕ್ರೀನಿನಲ್ಲಿ ಮಾತ್ರ ಮಾನ ಹೋಯಿತು. ನಿಜವಾದ ಮಂಗಳೂರು ಹೆಂಚು ಎರಡು ಕಿಲೋದ ಮೇಲೆ ತೂಗುತ್ತದೆ. ನಮ್ಮವನು ಥರ್ಮಾಕೋಲನ್ನು ಎರಡು ಬೆರಳಲ್ಲಿ ಎತ್ತಿ ಬೀಸಿದ. ಒಡೆದ ಚೂರುಗಳು ಗಾಳಿಯಲ್ಲಿ ತೇಲಾಡಿಕೊಂಡು ನಿಧಾನಕ್ಕೆ ಇಳಿದವು.

ದಸರಾ ಹೊತ್ತಿಗೆ ಹುಲಿವೇಷದವರು ಅಕ್ಕಿಮುಡಿಯನ್ನು, ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮೂಟೆಯನ್ನು, ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವುದನ್ನು ನೋಡಿದ್ದೀರಲ್ಲ? ಜನ ಬೊಬ್ಬೆ ಹೊಡೆಯುವುದು ಮುಡಿ ಹಾರಿದ್ದಕ್ಕೆ. ಆದರೆ ಅದಕ್ಕಿಂತ ಮುಂಚೆ ಹುಲಿ ಅದರ ಸುತ್ತ ತಿರುಗುತ್ತದೆ, ಕಚ್ಚುತ್ತದೆ, ಅಲ್ಲಾಡಿಸಿ ನೋಡುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಭಾರ ಎಷ್ಟು ಅಂತ ನಮಗೆ ಆಗಲೇ ಗೊತ್ತಾಗಿರುತ್ತದೆ.

ಅದನ್ನೇ ಮಾಡಿದೆವು. ಒಂದು ಶಾಟ್‌ನಲ್ಲಿ ಅಸಲಿ ಹೆಂಚು: ವಿಲನ್ ಎರಡೂ ಕೈಯಲ್ಲಿ ಎತ್ತುತ್ತಾನೆ, ಒಂದನ್ನು ಪಕ್ಕಕ್ಕೆ ಧಪ್ ಅಂತ ಇಡುತ್ತಾನೆ, ಇನ್ನೊಂದನ್ನು ಹಿಡಿದು ಬರುತ್ತಾನೆ. ಅಲ್ಲಿಂದ ಕಟ್, ಥರ್ಮಾಕೋಲು. ಅದು ಕಾಣುವುದು ಹತ್ತು ಫ್ರೇಮು ಮಾತ್ರ, ಚೂರು ತೇಲುವ ಮುಂಚೆಯೇ ಮುಖಕ್ಕೆ ಕಟ್.

ಏಪ್ರಿಲ್: ದೊಡ್ಡಪ್ಪ

ಇಷ್ಟೆಲ್ಲ ಆದ ಮೇಲೂ ಸೀನ್ ಏಳುತ್ತಿರಲಿಲ್ಲ. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು, ಅಷ್ಟೇ. ಡ್ರಿಲ್ ನೋಡಿದ ಹಾಗೆ.

ದೊಡ್ಡಪ್ಪ ಊರಿನ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ತೆಂಕುತಿಟ್ಟಿನ ಬಣ್ಣದ ವೇಷ ಮಾಡುವವರು. ಮೂವತ್ತು ವರ್ಷದಿಂದ ರಾಕ್ಷಸ. ಅಂದರೆ ಮೂವತ್ತು ವರ್ಷದಿಂದ ಬೆಳಗಿನ ಜಾವ ಸಾಯುವುದೇ ಕೆಲಸ. ವಿಷುವಿನ ದಿನ ಮನೆಗೆ ಬಂದಿದ್ದರು, ಫೋನಿನಲ್ಲಿ ಸೀನ್ ತೋರಿಸಿದೆ. ಎರಡು ಸಲ ನೋಡಿದರು. ಆಮೇಲೆ ಹೀರೋನ ಮೇಲೆ ಬೆರಳಿಟ್ಟು ಕೇಳಿದರು: "ಇವ ಯಾಕೆ ಏಟು ತಿನ್ನುದಿಲ್ಲ?"

"ತಿಂತಾನಲ್ಲ ದೊಡ್ಡಪ್ಪ, ಏಳು ಸಲ."

"ಬೀಳ್ತದೆ. ತಿನ್ನುದಿಲ್ಲ. ಹೊಡೆಯುದು ಯಾರೂ ಹೊಡೀತಾರೆ ಮಾರಾಯ, ತಿನ್ನುವವ ಸರಿ ಇರ್ಬೇಕು."

ಚಾವಡಿಯಲ್ಲೇ ಎದ್ದು ನಿಂತು ತೋರಿಸಿದರು. ಆಟದಲ್ಲಿ ದೇವಿಯ ತ್ರಿಶೂಲ ರಾಕ್ಷಸನ ಎದೆಗೆ ತಾಗುವುದೇ ಇಲ್ಲ. ಚೆಂಡೆಗೆ ಒಂದು ಪೆಟ್ಟು ಬೀಳುತ್ತದೆ, ಅದೇ ಕ್ಷಣ ರಾಕ್ಷಸನ ಇಡೀ ಮೈ ಹಿಂದಕ್ಕೆ ಹೋಗುತ್ತದೆ. ಮೊದಲನೆಯದಕ್ಕೆ ಅವರು ಒಂದೇ ಹೆಜ್ಜೆ ಹಿಂದೆ ಹೋಗಿ ಸಿಟ್ಟಿನಿಂದ ನೋಡಿದರು. ಎರಡನೆಯದಕ್ಕೆ ಎದೆ ಮುಟ್ಟಿಕೊಂಡು ಕೈ ನೋಡಿಕೊಂಡರು, ಅರೆ, ನನಗೂ ತಾಗಿತಾ ಅನ್ನುವ ಹಾಗೆ. ಮೂರನೆಯದಕ್ಕೆ ಎದುರಿನವರನ್ನು ನೋಡಲೇ ಇಲ್ಲ, ಓಡಲು ದಾರಿ ಎಲ್ಲಿ ಅಂತ ಹುಡುಕಿದರು. ಲುಂಗಿ ಉಟ್ಟ, ಅರವತ್ತು ದಾಟಿದ ಮನುಷ್ಯ. ಒಳಗಿನಿಂದ ಇಣುಕಿದ ತಂಗಿ ನಗುವುದನ್ನು ಬಿಟ್ಟು ಅಲ್ಲೇ ನಿಂತುಬಿಟ್ಟಳು.

ಫೆಬ್ರವರಿಯ ನೋಟ್‌ಬುಕ್ ತೆಗೆದು ಅಮ್ಮನ ಮಾತಿಗೂ ಕೆಂಪು ಗೆರೆ ಎಳೆದೆ.

ನಮ್ಮ ಹೀರೋ ಎಂಟು ವರ್ಷ ಕರಾಟೆ ಕಲಿತವನು. ಅದಕ್ಕೇ ಅವನನ್ನು ಹೀರೋ ಮಾಡಿದ್ದು. ಹೊಡೆತ ಅಂದರೆ ನೋಡಬೇಕು, ಅಷ್ಟು ಚೆಂದ. ಆದರೆ ಅವನ ಕ್ಲಾಸಿನಲ್ಲಿ ಕಲಿಸಿದ್ದು ನೋವು ತೋರಿಸಬೇಡ, ತಕ್ಷಣ ಪೊಸಿಷನ್‌ಗೆ ಬಾ ಅಂತ. ಏಳು ಏಟಿಗೂ ಒಂದೇ ಮುಖ. ವಿಲನ್ ಆಗಿದ್ದವನು ಸಣಕಲ, ನಾಟಕದ ಹುಚ್ಚಿನವನು. ಹೊಡೆಯಲು ಬರುವುದಿಲ್ಲ, ಬಿದ್ದರೆ ಮಾತ್ರ ನಮಗೇ ಅಯ್ಯೋ ಅನಿಸುತ್ತದೆ.

ಅದಲುಬದಲು ಮಾಡಿದೆ. ಕರಾಟೆಯವನು ವಿಲನ್, ಸಣಕಲ ಹೀರೋ. ಮತ್ತೆ ಮೊದಲಿನಿಂದ ಶೂಟಿಂಗ್. ಕರಾಟೆಯವನು ಎರಡು ದಿನ ಮಾತಾಡಲಿಲ್ಲ.

ಬೆಂಕಿ ಮೊದಲು ಹತ್ತಿದ್ದು ಇಲ್ಲಿ. ಸಣಕಲ ಒಂದು ಏಟು ಕೊಟ್ಟು ತನ್ನದೇ ಕೈ ನೋವಾಗಿ ಕೊಡವಿಕೊಂಡ, ನಾನು ಹೇಳಿಕೊಟ್ಟದ್ದಲ್ಲ. ಜಾಕಿ ಚಾನ್ ಸಿನಿಮಾಗಳಲ್ಲಿ ಅವನೂ ಹೀಗೆ ಕೈ ಕೊಡವುತ್ತಾನೆ, ನೋವು ಮುಚ್ಚಿಡುವುದಿಲ್ಲ. ಚಿಕ್ಕಂದಿನಲ್ಲಿ ನೋಡಿ ನಕ್ಕಿದ್ದೆ. ಗುದ್ದಿದವನಿಗೇ ಇಷ್ಟು ನೋವಾದರೆ ತಿಂದವನ ಗತಿ ಏನು ಅಂತ ಆ ನಗುವಿನ ಜೊತೆಗೇ ತಲೆಗೆ ಹೋಗಿರುತ್ತದೆ.

ಅದೇ ದಿನ ಇನ್ನೊಂದು ಉಪಾಯ. ಸಿನಿಮಾದವರು ಬಟ್ಟೆಗೆ ಮಣ್ಣಿನ ಹುಡಿ ಹಾಕಿರುತ್ತಾರೆ, ಏಟು ಬಿದ್ದಾಗ ಧೂಳು ಏಳಲಿ ಅಂತ. ಆ ಹುಡಿ ನಮ್ಮ ಮುಲ್ತಾನಿ ಮಿಟ್ಟಿಯೇ. ಹೀರೋನ ಬೆನ್ನಿಗೆ ತಟ್ಟಿದೆವು. ಗಾಜಿನ ಹೆಂಚಿನಿಂದ ಬರುವ ಬೆಳಕಿಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಒಂದೊಂದು ಏಟಿಗೂ ಹೊಗೆಯ ಹಾಗೆ ಎದ್ದಿತು. ಸಂಜೆ ಮನೆಯಲ್ಲಿ ಅಮ್ಮ ಕಪಾಟು ತಡಕಾಡುತ್ತಿದ್ದರು. ನಾನು ಸ್ನಾನಕ್ಕೆ ಹೋದೆ.

ನಾಲ್ಕು ಗಂಟೆ ದಾಟಿದ ಮೇಲೆ "ಇನ್ನೊಂದೇ ಟೇಕ್" ಅಂದೆ. ಹೀರೋ ಹಾಸಿಗೆಯ ಅಂಚಿಗೆ ಬಿದ್ದು ಪಾದ ಉಳುಕಿಸಿಕೊಂಡ. ಹತ್ತು ದಿನ ಬ್ಯಾಂಡೇಜು. ತಪ್ಪು ನನ್ನದೇ. ಈಗ ಮೂರೂವರೆಗೆ ಪ್ಯಾಕಪ್.

ಮೇ: ಶಬ್ದ

ಇಂಟರ್ನೆಟ್ಟಿನಲ್ಲಿ ಸಿಗುವ ಡಿಶುಂ ಡಿಶುಂ ಎಲ್ಲ ತೆಗೆದು ಹಾಕಿದೆ. ಎಲುಬು ಮುರಿಯುವ ಶಬ್ದಕ್ಕೆ ಹೊರದೇಶದವರು ಸೆಲರಿ ದಂಟು ಮುರಿಯುತ್ತಾರಂತೆ. ನಮಗೆ ಅಲಸಂಡೆ, ಒಂದು ಕಟ್ಟು ಒಟ್ಟಿಗೆ ತಿರುಚಿದರೆ ಸಾಕು. ಹೊಟ್ಟೆಗೆ ಗುದ್ದುವುದಕ್ಕೆ ಬಾಳೆದಿಂಡು. ಬೈರಾಸು ಬೀಸುವುದಕ್ಕೆ ಒದ್ದೆ ಬೈರಾಸನ್ನೇ ಬಟ್ಟೆ ಒಗೆಯುವ ಕಲ್ಲಿಗೆ ಬಡಿದೆ. ತಲೆ ಕಂಬಕ್ಕೆ ತಾಗುವುದಕ್ಕೆ ಬೊಂಡ, ನೀರು ಕುಡಿದ ಮೇಲೆ. ನೀರಿದ್ದಾಗ ಬೇರೆ ಥರ ಕೇಳುತ್ತದೆ. ನೆರೆಮನೆಯವರು ಕಾಂಪೌಂಡಿನ ಆಚೆಯಿಂದ "ಎಂತ ಆಯ್ತು?" ಅಂತ ಕೇಳಿದರು. ಏನು ಹೇಳುವುದು?

ಎಲ್ಲ ಏಟಿಗೂ ಶಬ್ದ ಇಟ್ಟರೆ ಒಂದೂ ಕೇಳುವುದಿಲ್ಲ. ಅರ್ಧಕ್ಕರ್ಧ ತೆಗೆದೆ. ಹೆಂಚು ಬೀಳುವ ಮುಂಚೆ ಒಂದು ಸೆಕೆಂಡು ಏನೂ ಇಲ್ಲ, ಹೊರಗೆ ದೋಣಿಯ ಮೋಟರ್ ಮಾತ್ರ.

ಹಿನ್ನೆಲೆಗೆ ಚೆಂಡೆ ಹಾಕಿ ನೋಡಿದೆ, ತೆಗೆದೆ. ಕರಾವಳಿಯ ಕಥೆ ಅಂದಕೂಡಲೇ ಚೆಂಡೆ ಬಡಿಯಲೇಬೇಕು ಅಂತ ಈಗ ಒಂದು ರೂಢಿಯಾಗಿಬಿಟ್ಟಿದೆ. ಸ್ಕೂಟರ್ ಕೀಗೆ ಚೆಂಡೆ ಜಾಸ್ತಿಯಾಯಿತು.

ಮೇ ಕೊನೆ, ಪತ್ತನಾಜೆ (ತುಳುನಾಡಿನಲ್ಲಿ ಆಟ, ಕೋಲಗಳ ಕಾಲ ಮುಗಿಯುವ ದಿನ) ಕಳೆದು

ಮೂರನೇ ಎಡಿಟ್: 2 ನಿಮಿಷ 32 ಸೆಕೆಂಡು, 61 ಕಟ್. ಮೊದಲಿಗಿಂತ ನಿಧಾನ, ಆದರೆ ನೋಡಲು ಜೋರಾಗಿದೆ. ದೊಡ್ಡ ಏಟು ಮೂರಕ್ಕೆ ಹಾಂಕಾಂಗ್ ಸಿನಿಮಾದವರ ಒಂದು ಕೈಚಳಕ ಬಳಸಿದೆ. ವೈಡ್ ಶಾಟ್‌ನಲ್ಲಿ ಮುಷ್ಟಿ ತಾಗಿದ ಮೇಲೆ ಕಟ್ ಮಾಡಿ, ಕ್ಲೋಸಪ್ಪನ್ನು ತಾಗುವುದಕ್ಕಿಂತ ಎರಡು ಫ್ರೇಮ್ ಹಿಂದಿನಿಂದ ಶುರು ಮಾಡುವುದು. ಏಟು ಎರಡು ಸಲ ಬೀಳುತ್ತದೆ, ಕಣ್ಣಿಗೆ ಒಂದೇ, ಆದರೆ ಭಾರವಾದದ್ದು. ನಾಲ್ಕು ಫ್ರೇಮ್ ಹಿಂದೆ ಹೋದೆ, ಸಂಜೆಯ ಧಾರಾವಾಹಿಯಲ್ಲಿ ಅತ್ತೆ ತಿರುಗಿ ನೋಡಿದ ಹಾಗಾಯಿತು. ಎರಡಕ್ಕೇ ನಿಲ್ಲಿಸಿದೆ. ಮೂರು ಶಾಟ್‌ಗಳ ವೇಗವನ್ನು 109 ಪರ್ಸೆಂಟ್ ಮಾಡಿದ್ದೇನೆ, ಹಿಂದಿನವರು 22 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸುತ್ತಿದ್ದ ಲೆಕ್ಕ ಅದು. ಅದಕ್ಕಿಂತ ಜಾಸ್ತಿ ಮಾಡಿದರೆ ಲುಂಗಿ ಹಾರುವ ರೀತಿಯಲ್ಲೇ ಸಿಕ್ಕಿಬೀಳುತ್ತೇವೆ.

ಬಾಕಿ ಇರುವುದು ಒಂದೇ ಶಾಟ್, ಕೊನೆಯ ಏಟು. ಬೈರಾಸಿನಲ್ಲಿ ಹೆಂಚಿನ ಚೂರು ಕಟ್ಟಿಕೊಂಡು ಹೀರೋ ಬೀಸುತ್ತಾನೆ, ಈಗ ವಿಲನ್ ತಿನ್ನಬೇಕು. ಕಳೆದ ಭಾನುವಾರ ಹದಿನಾಲ್ಕು ಟೇಕ್. ಬೈರಾಸು ಹತ್ತಿರ ಬಂದರೆ ಸಾಕು, ಕರಾಟೆಯವನ ಎಡಗೈ ತಾನಾಗಿ ಮೇಲೆದ್ದು ತಡೆಯುತ್ತದೆ. ಪ್ರತಿ ಸಲ ಪಾಪ "ಸಾರಿ ಸಾರಿ" ಅನ್ನುತ್ತಾನೆ. ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ ನಿಲ್ಲಿಸಿದೆವು, ಬಗ್ಗಿ ತಪ್ಪಿಸಿಕೊಂಡ.

ಮಾಡಿನ ಮೇಲೆ ಆಗಲೇ ಎರಡು ಮಳೆ ಬಿದ್ದಿದೆ, ಗಾಜಿನ ಹೆಂಚಿನ ಕೆಳಗೆ ನೀರು ನಿಂತಿದೆ. ಜೂನ್ ಹಿಡಿದುಕೊಂಡರೆ ಮತ್ತೆ ಆ ಬೆಳಕು ಸಿಗುವುದು ಅಕ್ಟೋಬರಿಗೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ದೊಡ್ಡಪ್ಪ ಬರುತ್ತೇನೆ ಅಂದಿದ್ದಾರೆ, ಕರಾಟೆಯವನಿಗೆ ಸಾಯುವುದನ್ನು ಕಲಿಸಲು.